ಎರಡನೆಯ ಗುಂಡಿ

ಬೂಜಿ ಹೊಳೆ ಊರೊಳಗೆ ಬಂದ ಆ ಮಾರ್ಚಿನಲ್ಲಿ
ಮಾವಿನ ಮರದ ಮೇಲೆ ಮೂರು ರಾತ್ರಿ ಕೂತಿದ್ದೆವು.
ಕೆಳಗೆ ಕೋಳಿ, ಬಾಗಿಲು, ಜೋಳದ ಕಣಜ,
ಮತ್ತೆ ಎಲ್ಲರ ಹಿತ್ತಲ ಗುಟ್ಟು.
ಹೇಲಿಗೂ ಈಜು ಬರುತ್ತದೆಂದು
ಗೊತ್ತಾದದ್ದು ಅವತ್ತೇ.

ಈಗ ದಿಬ್ಬದ ಮೇಲಿದ್ದೇವೆ. ಗುಡಾರಕ್ಕೊಂದು ನಂಬರು,
ನಮ್ಮದು ನೂರಾ ಹದಿನೇಳು.
ಲಾರಿ ಇಳಿಸಿಹೋದ ನೀಲಿ ಪ್ಲಾಸ್ಟಿಕ್ ಹಲಗೆ, ನಡುವೆ ತೂತು.
ತೂತಿಗೆ ತಟ್ಟೆ ಮುಚ್ಚಿ ಅದರ ಮೇಲೆ ಮರಗೆಣಸು ಒಣಗಿಸಿದೆವು.
ನಾವು ಹೋಗುತ್ತಿದ್ದದ್ದು ಹುಲ್ಲಿಗೇ,
ಹಾವಿಗೆ ಹೆದರಿ, ಅದಕ್ಕಿಂತ
ಗಂಡಸರ ಟಾರ್ಚಿಗೆ ಹೆದರಿ.

ಮೀನು ಕರಿದು ಮಾರುವ ಫೆಲಿಜಾರ್ದಾ
ಒಂದು ಸಂಜೆ ನೆಲದ ಮೇಲೆ ಬೂದಿಯಲ್ಲಿ ದಿಬ್ಬ ಬರೆದಳು.
ಬಾಟಲಿ ಮುಚ್ಚಳ ನಿಮ್ಮ ಮನೆ, ಇಡಿ ಅಂದಳು.
ದೋಣಿ ಬಡಗಿಯ ಹತ್ತಿರ ತಂದ ಮರದ ಹೊಟ್ಟು ಹಂಚಿ,
ಈವತ್ತು ಬೆಳಿಗ್ಗೆ ಎಲ್ಲಿ ಕೂತಿರೋ ಅಲ್ಲಿ ಉದುರಿಸಿ,
ನಾಚಿಕೊಳ್ಳುವವರಿಗೆ ಎರಡು ಹಿಡಿ!
ನಕ್ಕೆವು. ಹೊಟ್ಟೆ ಹಿಡಿದು ನಕ್ಕೆವು.
ಆಮೇಲೆ ನೆಲೀತು, ಆರು ವರ್ಷದವನು, ಕೈ ತೋರಿಸಿದ:
ಹೊಟ್ಟೆಲ್ಲ ಬಾವಿಯ ಸುತ್ತಲೇ ಇದೆ.

ಕಾಲರಾ ಡೇರೆಯಿಂದ ನಾನು
ಮಡಿಚಿದ ಕಂಬಳಿಯೊಂದನ್ನೇ ತಂದಿದ್ದೆ.
ಯಾರೂ ನನ್ನ ಕಡೆ ನೋಡಲಿಲ್ಲ.

ಮಾರನೆಯ ದಿನ ಗುದ್ದಲಿ ಸದ್ದು.
ಎರಡು ಮೊಳಕ್ಕೇ ನೀರು; ಹಾಗಾಗಿ
ಹುತ್ತದ ಮಣ್ಣು ಹೊತ್ತು ತಂದು ಕಟ್ಟೆ ಏರಿಸಿದೆವು.
ಮನೆಗೊಂದು ಅಂತ ಪಟ್ಟಿಯಲ್ಲಿ ಟಿಕ್ಕು ಬಿತ್ತು.

ಮಾವ ಕೂತಲ್ಲಿ ಸೊಸೆ ಕೂರುವಂತಿಲ್ಲ,
ಇದನ್ನು ಪಟ್ಟಿಯವರು ಕೇಳಲಿಲ್ಲ.
ಮುದುಕ ಅದನ್ನು ನನಗೆ ಬಿಟ್ಟು
ಸೊಟ್ಟ ಕಾಲೆಳೆದುಕೊಂಡು ಹುಲ್ಲಿಗೇ ಹೋಗತೊಡಗಿದ.
ಒಳ್ಳೆಯ ಮನುಷ್ಯ. ಆದರೆ ನೊಣಕ್ಕೆ
ಮಾವ ಯಾರು, ಸೊಸೆ ಯಾರು?

ಗಂಡ ಬೈರಾ ಬಂದರಿನಲ್ಲಿ ಮೂಟೆ ಹೊರುತ್ತಾನೆ.
ಮಾವನಿಗೆ ಎದುರು ನಿಂತು ಹೇಳುವ ಬಾಯಿ ನನಗಿಲ್ಲ.
ಬೆಳದಿಂಗಳಲ್ಲಿ, ಗಾಳಿ ಕಿತ್ತುಹಾಕಿದ ಚಾವಣಿಯ ತಗಡಿನಿಂದ
ಇನ್ನೊಂದು ಗುಂಡಿ ತೋಡಿದೆ.
ಅಂಗೈ ಕುಯ್ದಿತು. ನಾಯಿ ಬೊಗಳಿತು.
ಬೆಳಿಗ್ಗೆ ಎದ್ದರೆ ಗುಂಡಿಯ ಸುತ್ತ
ಒದ್ದೆ ಹುತ್ತದ ಮಣ್ಣು, ತಟ್ಟಿದ ಬೆರಳ ಗುರುತು,
ಮುಚ್ಚಲು ನಮ್ಮ ಹಳೆಯ ಗಂಜಿ ಪಾತ್ರೆಯ ಮುಚ್ಚಳ.
ಅದನ್ನೇ ನಾನು ವಾರದಿಂದ ಹುಡುಕುತ್ತಿದ್ದೆ.

ಮುಂದಿನ ಮಳೆಗೆ ಎರಡೂ ಉಳಿಯುತ್ತವೋ ಇಲ್ಲವೋ.
ಸದ್ಯ ಜೊಂಡಿನ ತಡಿಕೆಯಾಚೆ
ಅವನು ಎರಡು ಸಲ ಕೆಮ್ಮುತ್ತಾನೆ,
ಆಮೇಲೆ ದಾರಕ್ಕೆ ಕಟ್ಟಿದ ಹಳದಿ ಕ್ಯಾನು ಬಾಗಿ
ನೀರು ಬೀಳುವ ಸದ್ದು.
ನಾನು ಮರಗೆಣಸಿನ ಗಿಡಗಳ ಹಿಂದೆ
ಮುಖ ತಿರುಗಿಸಿ ನಿಂತು, ಕೈ ತೊಳೆದನೋ ಇಲ್ಲವೋ
ಎಣಿಸುತ್ತೇನೆ.