ಶುಭಂ ಬಿದ್ದ ಮ್ಯಾಲ

ಶುಭಂ ಬಿತ್ತಂದ್ರ ಕಾರ್ಬನ್ ಆರಸೂದು,
ಪದಕಿ ಸಾಹೇಬ್ರ ಹುಕುಂ.
ಕಡ್ಡಿಗೆ ರೊಕ್ಕ ಬೀಳತೈತಿ, ಹೆಸರ ಓದಾಕ ಯಾರು ಕುಂತಾರ?
ಖರೇನ. ಹಾವೇರಿ ಮಂದಿ ಫೈಟಿಂಗ್ ಮುಗಿಯೂದ್ರಾಗ
ಕತ್ತಲದಾಗ ಚಪ್ಪಲ್ ಹುಡುಕತಿರತಾರ.

ಹತ್ತೊಂಬತ್ತು ವರ್ಷ
ನಗೂ ತುಂಡುಗಳನ್ನ ನಾ ಹಂಗ ಡಬ್ಬಿಗೆ ತುಂಬೇನಿ:
ಕುದುರಿ ಮ್ಯಾಲಿಂದ ಜಾರಿದ ರಾಜಾ,
ಸತ್ತು ಮಲಗಿ ಸೀನಿದ ಅವ್ವ,
ಬಾಗಲಾ ಒದ್ದು, ಬಾಗಲಾ ತೆರೀದ,
ಕಾಲ ಹಿಡಕೊಂಡು ಕುಂತ ಖಳನಾಯಕ.
ನೋಡಾವ ನಾ ಒಬ್ಬನ, ರೀಲ್ ಸುತ್ತೂವಾಗ
ಬಲ್ಬಿಗೆ ಹಿಡದು, ಉಗುರಿನಷ್ಟ ಮಂದೀನ್ನ.

ಆಮ್ಯಾಲ ಆ ಸಿನಿಮಾ ಬಂತು,
ಸವಣೂರಾಗ ನಾಕ ದಿನ ತಗದಿದ್ದು.
ದೊಡ್ಡ ಹುಣಸಿ ಬುಡಕ ಎಲಿ ಮಾರೂ ಬೀಬಿಜಾನ್‌ಗೆ
ಒಂದ ಮಾತು ಕೊಟ್ಟಿದ್ರಂತ:
‘ಎಲೆ ಬೇಕಾ ಸ್ವಾಮಿ?’
ಇಷ್ಟ.

ಮೊದಲನೇ ದಿನಾನ ಬಂದ್ಲು.
ಮೊಮ್ಮಕ್ಕಳು, ಬೀಗರು, ಎಲಿ ತೋಟದ ಮಂದಿ, ಟೆಂಪೋ ತುಂಬ.
ನಾ ಕಿಂಡಿಯಾಗಿಂದ ನೋಡಾಕತ್ತಿದ್ದೆ.
ಪರದೆ ಮ್ಯಾಲ ಆಕಿ ಬಾಯಿ ತೆರದ್ಲು,
ಧ್ವನಿ ಆಕೀದಲ್ಲ.
ಬೆಂಗಳೂರಿನ ಯಾವುದೋ ತಣ್ಣನ ಕೋಣ್ಯಾಗ
ಯಾರೋ ಹುಡುಗಿ ಅಂದಿದ್ದು, ಸಕ್ರಿ ಉದರಿಸಿ.
‘ದಾದೀಮಾ, ನಿನ್ನೊಳಗ ಯಾರು ಮಾತಾಡಾಕತ್ತಾರ?’
ಮೊಮ್ಮಗಳು ಜೋರಾಗೇ ಕೇಳ್ತು.
ಬೀಬಿಜಾನ್ ಸೆರಗು ಬಾಯಿಗೆ ಹಚ್ಚಿದ್ಲು.
ಇಂಟರ್ವಲ್ಲಿಗೆ ಎದ್ರು.
ಟೆಂಪೋ ಹೋದ ಸಪ್ಪಳ ಮ್ಯಾಲಿನ ತನಕಾ ಬಂತು.

ಡಬ್ಬಿ ಹುಬ್ಬಳ್ಳಿಯಿಂದ ತಡಾ ಮಾಡಿ ಬಂದಿತ್ತು,
ಕಡೀ ರೀಲ್ ನಾನೂ ನೋಡಿರಲಿಲ್ಲ.
ಶುಭಂ ಬಿತ್ತು. ಕೈ ಸ್ವಿಚ್ಚಿಗೆ ಹೋತು.
ಅಷ್ಟರಾಗ ಕರಿ ಹಲಗಿ, ಟಪ್,
ಬೀಬಿಜಾನ್.
ಕ್ಯಾಮೆರಾದ ಗರಗರದಾಗ ಆಕೀದ ಧ್ವನಿ,
ಸಂತಿ ಕಡೀ ಮೂಲಿಗೆ ಮುಟ್ಟೂವಂಥಾದ್ದು:
‘ಎಲಿ ಬೇಕೇನ್ರಿ ಯಪ್ಪಾ?’
‘ಎಲೆ ಅನ್ನಿ ಅಜ್ಜಿ. ಎಲೆ. ಇಲಿ ಅಲ್ಲ.’
ಟಪ್. ‘ಎಲಿ ಬೇಕೇ...’
ಟಪ್.
ಆರನೇದಕ್ಕ ‘ಎಲೆ’ ಅಂದ್ಲು, ಬೆನ್ನ ಸೆಟಸಿ, ನೆಟ್ಟಗ.
ಅಂದಾಕಿ, ಯಾರದೋ ಹಲ್ಲಿನ ಸೆಟ್ಟು
ತನ್ನ ಬಾಯಾಗ ಹಾಕ್ಯಾರೇನೋ ಅನ್ನೂವಂಗ
ನಕ್ಕ ಬಿಟ್ಲು.
ಒಂಬತ್ತನೇದಕ್ಕ ಹೀರೋನ ತಪ್ಪಿದ:
‘ಕೊಡಮ್ಮ, ಎಲಿ ಕೊಡು.’
ಲೈಟ್ ಹಿಡದ ಹುಡುಗ ನಕ್ಕು, ಬೆಳಕ ಅಲಗ್ಯಾಡಿ,
ಆ ಗಿಡದ ದಪ್ಪ ಹೊಟ್ಟಿನೂ ಕುಣದಂಗಾತು.

ಕೆಳಗ ಮಂದಿ ಇರಲಿಲ್ಲ.
ಕಸಾ ಹೊಡಿಯೂ ಕೆಂಚವ್ವ, ಶೇಂಗಾ ಸಿಪ್ಪಿ ನಡುವ
ಕಸಬರಿಗಿ ಊರಿ ನಿಂತಿದ್ಲು.
‘ಹಾಂ, ಇದು ಆಕಿ’ ಅಂದ್ಲು, ನನಗಲ್ಲ.
ಪದಕಿ ಸಾಹೇಬ್ರು ಮೆಟ್ಟಲಾ ಹತ್ತಾಕತ್ತಿದ್ರು.
ನಾ ಆರಸಲಿಲ್ಲ.
ಆ ತಿಂಗಳ ಪಗಾರದಾಗ ಎರಡು ಕಡ್ಡಿ ರೊಕ್ಕ ಮುರಕೊಂಡ್ರು.

ಐತವಾರ ಸವಣೂರಿಗೆ ಹೋದೆ, ಹೇಳಾಕ.
ಎಲಿ ಮ್ಯಾಲ ನೀರ ಚಿಮಕಸ್ತ ಪೂರಾ ಕೇಳಿದ್ಲು.
‘ಹನ್ನೊಂದು ಸಲಾ ಮಾಡ್ಸಿದ್ರು,’ ಅಂದ್ಲು,
‘ಹನ್ನೊಂದು ಸಲಾನೂ ಆ ಮನಶಾ ಎಲಿ ತಿಂದ.
ರೊಕ್ಕಾ ಒಂದಕ್ಕ ಕೊಟ್ರು.
ಉಳದದ್ದೂ ಮಂದಿಗೆ ತೋರಸಾಕತ್ತಾರಂದ್ರ,
ಹತ್ತರದು ಬರೂದೈತಲ್ಲ.
ಯಾರನ್ನ ಕೇಳಬೇಕು, ಹೇಳು.’