ಬೀಟ್‌ರೂಟ್ ನೀರು

ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರ, ಬೇಕರಿಯ ಮೇಲಿನ ಮಹಡಿಯಲ್ಲಿ
ನನ್ನದೊಂದು ವಿಮಾನ.
ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ, ಬೆನ್ನಿಗೆ ಸೀಮೆಸುಣ್ಣದ ನಂಬರು,
ಆಸ್ಪತ್ರೆಯ ಹರಾಜಿನಲ್ಲಿ ಕೊಂಡ ಔಷಧಿ ಗಾಡಿ.
ಅದರ ಒಂದು ಚಕ್ರ ಸದಾ ಎಡಕ್ಕೆ, ಮೆಟ್ಟಿಲ ಕಡೆಗೇ ಎಳೆಯುತ್ತದೆ.

ನಾಲ್ಕು ಗಂಟೆಗೆ ಕೆಳಗೆ ಒಲೆಯ ಬಾಗಿಲು ತೆರೆದರೆ
ಬನ್ನಿನ ವಾಸನೆ ಮೂವತ್ತೈದು ಸಾವಿರ ಅಡಿ ಏರಿ ಬರುತ್ತದೆ.
ಹುಡುಗಿಯರ ಹೊಟ್ಟೆ ಗುರುಗುಟ್ಟುತ್ತದೆ.
ಕಿಸಿಯಬಾರದು, ನಗಬೇಕು. ಆರು ಹಲ್ಲು. ಎಂಟಲ್ಲ.

ಬಾಟಲಿಗಳು ಬಸ್ ಸ್ಟ್ಯಾಂಡ್ ಎದುರಿನ ಬಾರಿನವು,
ಸಪ್ಲೈಯರ್ ಹುಡುಗ ಒಂದನ್ನು ಐದು ರೂಪಾಯಿಗೆ ಕೊಡುತ್ತಾನೆ.
"ಮೇಡಂ ಯಾವಾಗಲೂ ಖಾಲಿದೇ ಕೇಳ್ತಾರೆ" ಅಂತ
ಊರಿಗೆಲ್ಲ ಹೇಳಿಟ್ಟಿದ್ದಾನೆ.
ಕೆಂಪು ವೈನಿಗೆ ಬೀಟ್‌ರೂಟ್ ಬೇಯಿಸಿದ ನೀರು,
ಬಿಳಿಯದಕ್ಕೆ ಜೀರಿಗೆ ಕಷಾಯ,
ಶಾಂಪೇನಿಗೆ ಗೋಲಿ ಸೋಡಾ; ಗುಳ್ಳೆ ಗುಳ್ಳೆಯೇ ತಾನೆ.

ಲೇಬಲ್ಲು ಪ್ರಯಾಣಿಕರ ಕಡೆಗೆ.
ಬಾಟಲಿಯ ಕತ್ತು ಗ್ಲಾಸಿಗೆ ತಾಗಕೂಡದು.
ಮೂರನೇ ಒಂದು ಭಾಗ ಸುರಿದು, ಮಣಿಕಟ್ಟನ್ನು ಒಂದಿಷ್ಟು ತಿರುವಿ
ಕೊನೆಯ ಹನಿಯನ್ನು ಬಾಟಲಿಗೇ ವಾಪಸ್ಸು ಕಳಿಸಬೇಕು.
ಮಣಿಕಟ್ಟು ಅಂದೆ, ಮೌನಿಕಾ. ಭುಜವಲ್ಲ.
ಅವಳ ಬಿಳಿ ಅಂಗಿಯ ತೋಳಿಗೆ ವಾರಕ್ಕೊಂದು ಕಲೆ.
ಅವರಮ್ಮ ಕೇಳುತ್ತಾರಂತೆ,
ಕ್ಲಾಸಿಗೆ ಹೋಗ್ತೀಯೋ, ಪಲ್ಯ ಮಾಡೋಕೋ?

ನಾನು ಹನ್ನೊಂದು ವರ್ಷ ನಿಜವಾದದ್ದನ್ನು ಸುರಿದವಳು,
ಪರದೆಯ ಮುಂದುಗಡೆ, ಕಾಲು ಚಾಚಿ ಮಲಗುವವರಿಗೆ.
ಅಲ್ಲಿ ಕೇಳುವ ಮೊದಲೇ ತುಂಬಬೇಕು,
ಆ ಟಿಕೇಟಿನ ಅರ್ಥವೇ ಅದು.
ಮಸ್ಕತ್ತಿನ ದಾರಿಯಲ್ಲಿ ಒಬ್ಬರು, ಎರಡನೇ ಸಾಲು, ಕಿಟಕಿ,
ಐದನೆಯದು ಕೇಳಿದಾಗ ನಾನು ನೀರು ತಂದೆ.
ದೂರಿನಲ್ಲಿ ಬರೆದಿದ್ದರು:
ಲೆಕ್ಕ ಇಟ್ಟವಳ ಹಾಗೆ ನನ್ನ ಮುಖ ನೋಡಿದಳು.
ಹೌದು, ಇಟ್ಟಿದ್ದೆ.
ಇಳಿಯುವಾಗ ಬೇರೆ ಯಾರದೋ ಚೀಲ ಹಿಡಿದು
ಅವರು ಕೈ ಮುಗಿದದ್ದು ಬಾಗಿಲಿಗೆ.

ಇವತ್ತು ಮೌನಿಕಾಳ ಅಜ್ಜಿ ಬಂದಿದ್ದಳು, ನಾರೆಮ್ಮ,
ಮೊಮ್ಮಗಳು ಮರೆತ ಊಟದ ಡಬ್ಬಿ ಹಿಡಿದು.
ಮುಳಬಾಗಿಲಿನ ಆಚೆ, ಈಚಲು ತೋಪಿನ ಬಾಯಲ್ಲಿ
ಹೆಂಡ ಮಾರಿದವಳು, ತೋಪಿಗೆ ಬೀಗ ಬೀಳುವವರೆಗೂ.
ಒಂದು ಗಳಿಗೆ ಸುಮ್ಮನೆ ನೋಡಿ,
"ಕೊಡಿಲ್ಲಿ" ಅಂತ ಬಾಟಲಿ ಇಸಕೊಂಡಳು.
ಧಾರೆ ಬಿತ್ತು, ಸಣ್ಣದಾಯಿತು,
ದಾರವಾಯಿತು, ನಿಂತಿತು.
ಮೇಜುಬಟ್ಟೆ ಹಾಗೇ ಬೆಳ್ಳಗೆ.
ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನೂ.

"ಒಂದು ಲೋಟ ಎಷ್ಟಕ್ಕಮ್ಮ ಇದು?"
ಟಿಕೇಟಿನಲ್ಲೇ ಸೇರಿರುತ್ತೆ ಅಜ್ಜಿ. ಅಂದರೆ, ಬಿಟ್ಟಿ.
"ಬಿಟ್ಟಿನಾ!"
ಕುರ್ಚಿ ಎಳೆದು ಕೂತಳು.
ಎರಡನೇ ಸಾಲು. ಕಿಟಕಿ ಇರಬೇಕಾದ ಕಡೆ ಕ್ಯಾಲೆಂಡರು.
"ಬಿಟ್ಟಿ ಕುಡಿಯೋನಿಗೆ ಸಾಕು ಅಂತ ಹೆಂಗೆ ಹೇಳ್ತೀರಿ?"

ಪುಸ್ತಕದಲ್ಲಿರುವುದನ್ನು ಹೇಳಿದೆ.
ಸಾಕು ಅನ್ನಬಾರದು. ತಡ ಮಾಡಬೇಕು.
ಗೋಡಂಬಿ ಕೊಡಬೇಕು. ನೀರು ತರಲೇ ಸಾರ್, ಅನ್ನಬೇಕು.
ಗೋಡಂಬಿಗೆ ನಾರೆಮ್ಮ ತಲೆಯಾಡಿಸಿದಳು,
ಮಿಕ್ಕಿದ್ದಕ್ಕಿಲ್ಲ.

"ನಾನು ಕುಡಿಕೆ ಮೇಲೆ ಅಂಗೈ ಮುಚ್ಚಿ
'ನಿನ್ನ ಕೊನೇ ಮಗೀನ ಹೆಸರೇನಪ್ಪಾ' ಅಂತಿದ್ದೆ.
ತಟ್ಟಂತ ಹೇಳಿದ್ರೆ ಇನ್ನೊಂದು ಕುಡಿಕೆ.
ತಡವರಿಸಿದ್ರೆ ಮನೇಗೆ.
ಒಬ್ಬ ಮಾತ್ರ ಎಷ್ಟು ಕುಡಿದ್ರೂ ಸರಿಯಾಗಿ ಹೇಳೋನು,
ಒಂದೇ ಹೆಸರು, ದಿನಾ.
ಮಕ್ಕಳೇ ಇರಲಿಲ್ಲವಂತೆ ಅವನಿಗೆ.
ನಂಗೆ ತಿಳಿದಿದ್ದು ಆಮೇಲೆ."

ಲೋಟದಲ್ಲಿ ಸೋಡಾ ಸಣ್ಣಗೆ ಸಿಡಿಯುತ್ತಿತ್ತು.
ಮೌನಿಕಾ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು,
ಪರೀಕ್ಷೆಗೆ ಬರುವುದಿಲ್ಲ ಅದು ಎನ್ನಲು
ನನ್ನ ಬಾಯಿ ಬರಲಿಲ್ಲ.

ನಾರೆಮ್ಮ ಗ್ಲಾಸನ್ನು ಕಾಲು ಹಿಡಿದು ಎತ್ತಿ
(ಅದನ್ನು ಅವಳಿಗೆ ಯಾರು ಕಲಿಸಿದರೋ)
ಒಂದು ಗುಟುಕು ಕುಡಿದು, ಮುಖ ಹಿಂಡಿ,
"ಥೂ, ಉಪ್ಪೇ ಹಾಕಿಲ್ವಲ್ಲೇ" ಅಂದಳು.