ಜುಲೈ ಒಂದು, ವೇವರ್ಲಿ ಬೀದಿ

ಮಾಂಟ್ರಿಯಲ್ ಊರಿನ ಬಾಡಿಗೆ ಕರಾರುಗಳೆಲ್ಲ
ಹೆಚ್ಚುಕಡಿಮೆ ಒಂದೇ ರಾತ್ರಿ ಕಣ್ಣು ಮುಚ್ಚುತ್ತವೆ.
ಬೆಳಗಾದರೆ ಬೀದಿ ತುಂಬ ಸಂಸಾರ:
ಹಾಸಿಗೆಗಳು ಗೋಡೆಗೊರಗಿ ಬಿಸಿಲು ಕಾಯಿಸುತ್ತವೆ,
ಅಂಗಾತ ಬಿದ್ದ ಕುರ್ಚಿಯ ಕಾಲಿಗೆ ಯಾರದೋ ಟೋಪಿ,
ಒಬ್ಬಾಕೆ ಮೀನಿನ ಗಾಜುಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು
ಟ್ರಕ್ಕಿನ ಮುಂದಿನ ಸೀಟಿನಲ್ಲಿ
ಉಸಿರು ಬಿಗಿಹಿಡಿದು ಕೂತಿದ್ದಾಳೆ.
ಮೀನುಗಳ ವಿಳಾಸ ಮಾತ್ರ ಬದಲಾಗಿಲ್ಲ.

ನಾನು ಸೋಲಾಂಜ್, ಐವತ್ತೈದನೇ ನಂಬರ್ ಬಸ್ಸಿನ ಡ್ರೈವರು.
ಹದಿನಾಲ್ಕು ವರ್ಷ ಸಾಂ-ಲೋರಾಂ ರಸ್ತೆಯನ್ನು
ಕೆಳಗಿನಿಂದ ಮೇಲಕ್ಕೆ ನೂಲಿನ ಹಾಗೆ ಎಳೆದವಳು.
ದಾರಿ ಕೇಳಿದವರಿಗೆ ಎಂದೂ ನಂಬರು ಹೇಳಿದವಳಲ್ಲ.
ಗೋರಿಕಲ್ಲು ಕೆತ್ತುವವರ ಅಂಗಡಿ ದಾಟಲಿ,
ಆಮೇಲೆ ಏಳಿ ನಿಲ್ಲಿ;
ಸುಟ್ಟ ಎಳ್ಳಿನ ವಾಸನೆ ಬಂದಲ್ಲಿ ಇಳಿದು ಎಡಕ್ಕೆ;
ಹಸಿರು ಗುಮ್ಮಟದ ಇಗರ್ಜಿ ಸಿಕ್ಕರೆ
ದಾರಿ ತಪ್ಪಿಲ್ಲ ಅಂತಲೇ ಲೆಕ್ಕ.
ಅಲ್ಲೊಂದು ಸೌದೆ ಒಲೆ, ರಾತ್ರಿ ಹಗಲೆನ್ನದೆ ಬೇಗಲ್ ಸುಡುತ್ತದೆ.
ಅದರ ಹೊಗೆ ಒಗೆದ ಬಟ್ಟೆಗೆ ಬಡಿಯುವಷ್ಟು ಹತ್ತಿರ
ನನ್ನ ಮನೆ.
ನಿನ್ನೆಯವರೆಗೆ.

ಡಿಸೆಂಬರಿನಲ್ಲಿ ಅಬೀಲಿಯೊ ಕಾಗದ ಕೊಟ್ಟ,
ಮನೆ ಮಗಳಿಗೆ ಬೇಕು ಅಂತ, ಮೂರು ಸಾಲು.
ಮಗಳಂತೆ!
ಈ ಬೀದಿಯ ಎಷ್ಟು ಮನೆಯೊಡೆಯರಿಗೆ
ಜುಲೈ ಹತ್ತಿರವಾದಂತೆ ಮಕ್ಕಳು ಹುಟ್ಟುತ್ತವೆ,
ಬಾಡಿಗೆ ದುಪ್ಪಟ್ಟಾದ ಮೇಲೆ ಎತ್ತ ಮಾಯವಾಗುತ್ತವೆ,
ನನಗೆ ಗೊತ್ತಿಲ್ಲವೆ?
ಆರು ತಿಂಗಳು ಒಂದು ಬೈಗುಳವನ್ನು
ಉಪ್ಪು ಹಾಕಿ ಭರಣಿಯಲ್ಲಿಟ್ಟಂತೆ ಇಟ್ಟಿದ್ದೆ,
ಕೊನೆಯ ಮೆಟ್ಟಿಲಲ್ಲಿ ನಿಂತು ಬಡಿಸಲು.

ಇಲ್ಲಿನ ಮೆಟ್ಟಿಲು ಮನೆಯ ಹೊರಗೆ,
ಸುಲಿದ ಕಿತ್ತಳೆ ಸಿಪ್ಪೆ ಜೋತುಬಿದ್ದಂತೆ ಕಬ್ಬಿಣದ ಸುರುಳಿ.
ಇದನ್ನು ಕಟ್ಟಿದವನು ಫ್ರಿಜ್ಜು ಕಂಡವನಲ್ಲ, ಎಂದ ವಿಲ್ನೇರ್,
ಅದನ್ನು ಬೆನ್ನಿಗೆ ಬಿಗಿದುಕೊಳ್ಳುತ್ತ.
ನಮ್ಮ ಡಿಪೋದವನು, ಹೈಟಿಯವನು,
ಹೆಣಭಾರವನ್ನೂ ನೆಂಟರಂತೆ ಮಾತಾಡಿಸಿ ನಡೆಸುತ್ತಾನೆ:
ಬಾರಣ್ಣ, ಇನ್ನೊಂದು, ಇನ್ನೊಂದೇ ಸುತ್ತು.

ಅರ್ಧ ಸುರುಳಿಯಲ್ಲಿ
ಕೆಳಗಿನಿಂದ ಯಾರೋ ಹತ್ತಿ ಬಂದರು.
ಒಂದು ಸೊಂಟದ ಮೇಲೆ ಮಗು, ಇನ್ನೊಂದು ಕೈಯಲ್ಲಿ ಕಳ್ಳಿಗಿಡ,
ಮುಖದ ನಡುವೆ ಅಬೀಲಿಯೊನದೇ ಮೂಗು.
ನಾನು ಒದೆತ್, ಎಂದಳು. ಮಗಳು.

ಮೇಲೆ ಹೋಗಲು ಅವಳಿಗೆ ದಾರಿಯಿಲ್ಲ,
ಕೆಳಗಿಳಿಯಲು ನಮಗಿಲ್ಲ.
ಫ್ರಿಜ್ಜಿನ ಕೆಳಗೆ ವಿಲ್ನೇರನ ಮೊಣಕಾಲು ನಡುಗುತ್ತಿತ್ತು.
ಏನಾದರೂ ಹೇಳಬೇಕಿತ್ತು.
ಬಚ್ಚಲ ನಲ್ಲಿಯನ್ನು ಎಡಕ್ಕೆ ಒತ್ತಿ ತಿರುಗಿಸು, ಎಂದೆ,
ಇಲ್ಲದಿದ್ದರೆ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ.
ಹಿಂದಿನ ಕಿಟಕಿಯಿಂದ ಸೊಂಟದವರೆಗೆ ಬಗ್ಗಿದರೆ
ಬೆಟ್ಟದ ಮೇಲಿನ ಶಿಲುಬೆ ಕಾಣುತ್ತದೆ, ದೀಪ ಹತ್ತಿದ ಮೇಲೆ.
ಮಗು ಇರುವಾಗ ಬಗ್ಗಬೇಡ.
ಅವಳು ಎರಡು ಮೆಟ್ಟಿಲು ಹಿಂದೆ ಸರಿದಳು, ಮತ್ತೆ ನಾಲ್ಕು.
ಮಗು ಫ್ರಿಜ್ಜಿಗೆ ಟಾಟಾ ಮಾಡಿತು.

ಹೊಸ ಮನೆ ರೈಲು ಹಳಿಯಾಚೆ.
ನನ್ನ ಬಸ್ಸು ಈ ಕಡೆ ತಲೆ ಹಾಕುವುದಿಲ್ಲ.
ಶಿಲುಬೆ ಇಲ್ಲ; ಗೂಡ್ಸ್ ಗಾಡಿ ಇದೆ,
ಅದು ಹೋದಾಗಲೆಲ್ಲ ತಟ್ಟೆಗಳು ಒಂದಕ್ಕೊಂದು ಕಿವಿಮಾತು ಹೇಳುತ್ತವೆ.
ರಾತ್ರಿ ಒಂಬತ್ತಕ್ಕೆ, ಪಾತ್ರೆ ಯಾವ ಪೆಟ್ಟಿಗೆಯಲ್ಲೋ,
ಊಟಕ್ಕೆ ಫೋನು ಮಾಡಿದೆ.
ಪಕ್ಕದಲ್ಲಿ ಏನಿದೆ, ಹೇಳಿ, ಎಂದ ಹುಡುಗ.

ಹದಿನಾಲ್ಕು ವರ್ಷ ಊರಿಗೆಲ್ಲ ದಾರಿ ಹೇಳಿದ ಬಾಯಿ
ಕಟ್ಟಿಹೋಯಿತು.
ಒಂದು ಮರ ಇದೆ, ಎಂದೆ. ಯಾವ ಮರವೋ.
ಎದುರಿನ ಅಂಗಡಿಗೆ ಬಾಗಿಲು ಹಾಕಿದೆ, ಬೋರ್ಡು ಓದಲು ಬರುವುದಿಲ್ಲ.
ಆಮೇಲೆ ಹೇಳಿದೆ: ನಾನೇ ಕೆಳಗೆ ಬಂದು ನಿಲ್ಲುತ್ತೇನಪ್ಪ.
ದಪ್ಪ ಹೆಂಗಸು, ಕೆಂಪು ಚಪ್ಪಲಿ,
ಮೈಯೆಲ್ಲ ಎಳ್ಳಿನ ಹೊಗೆ.

ದೀಪದ ಕಂಬದ ಕೆಳಗೆ ನಿಂತೆ.
ಹುಡುಗ ಸೈಕಲ್ಲಿನಲ್ಲಿ ನನ್ನನ್ನು ದಾಟಿ ಹೋದ.
ಮೂಲೆಯವರೆಗೆ ಹೋಗಿ
ತಿರುಗಿ ಬಂದ.